ಲೇಸರ್‌ನಿಂದ ಕಟ್ಟಿದ ಲೋಹ: ಬಲ ಮತ್ತು ಬಳಲಿಕೆ

ಶಹಾಪುರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಲೇಸರ್ ಕುರಿತು ಉಪನ್ಯಾಸ ಮುಗಿಸಿದ್ದೆ. ಲೋಹದ ಪುಡಿಯನ್ನು ಲೇಸರ್‌ನಿಂದ ಕರಗಿಸಿ, ಪದರದ ಮೇಲೆ ಪದರ ಕಟ್ಟುತ್ತ ಯಂತ್ರದ ಭಾಗಗಳನ್ನು ತಯಾರಿಸುವ ವಿಧಾನದ ಚಿತ್ರಗಳನ್ನು ಕೊನೆಯಲ್ಲಿ ತೋರಿಸಿದ್ದೆ. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು: "ಸರ್, ನಮ್ಮ ಟ್ರ್ಯಾಕ್ಟರಿಗೆ ಟ್ರೇಲರ್ ಸಿಗಿಸೋ ಪಿನ್ನು ಎರಡು ಸಲ ಮುರೀತು. ವೆಲ್ಡಿಂಗ್ ಮಾಡಿಸಿದ್ರೂ ಬೆಸುಗೆ ಬಾಜೂಕ ಮತ್ತ ಮುರೀತು. ಹಿಂಗ ಲೇಸರ್‌ಲೆ ಮಾಡಿಸಿದ್ರ ಗಟ್ಟಿ ಇರ್ತದೇನ್ರಿ?"

"ಇರುತ್ತಮ್ಮ, ಬಡಿದು ಮಾಡಿದ ಲೋಹಕ್ಕಿಂತಲೂ ಗಟ್ಟಿ" ಎಂದು ಹೇಳಿಬಿಟ್ಟೆ. ಯಾದಗಿರಿಗೆ ಬಂದು ರೈಲು ಹತ್ತಿ ಕುಳಿತ ಮೇಲೆ, ನಾನು ಕೊಟ್ಟ ಉತ್ತರ ಅರ್ಧ ಮಾತ್ರ ಸರಿ ಎಂಬುದು ಮನಸ್ಸಿಗೆ ಚುಚ್ಚತೊಡಗಿತು. ಆ ಅರ್ಧ ಉತ್ತರವನ್ನು ನಂಬಿ ಯಾರಾದರೂ ಹತ್ತಿ ತುಂಬಿದ ಟ್ರೇಲರಿಗೆ ಅಂಥ ಪಿನ್ನು ಹಾಕಿದರೆ ಅಪಾಯ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಧಾನವನ್ನು ತಿಳಿಯೋಣ. ವಸ್ತುಗಳನ್ನು ತಯಾರಿಸುವ ಅತ್ಯಂತ ಹಳೆಯ ಮಾರ್ಗ ಬೇಡವಾದುದನ್ನು ತೆಗೆದುಹಾಕುವುದು. ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಹಳೆಯ ಸುರಪುರ ತಾಲ್ಲೂಕಿನ ಹುಣಸಗಿಯ ಬಳಿ ಇಸಾಂಪುರ ಎಂಬ ಊರಿದೆ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯ ವರ್ಷಗಳಲ್ಲಿ ಉತ್ಖನನ ನಡೆಸಿ, ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳಿಂದ ಚಕ್ಕೆ ಎಬ್ಬಿಸಿ ಕೈಗೊಡಲಿ ಮಾಡಿಕೊಳ್ಳುತ್ತಿದ್ದ ತಾಣವನ್ನು ಬೆಳಕಿಗೆ ತಂದರು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳ ಕಾಲನಿರ್ಣಯದಿಂದ ಆ ತಾಣ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ತಿಳಿದುಬಂತು. ಕಲ್ಲಿನಿಂದ ಚಕ್ಕೆ ತೆಗೆಯುವುದಕ್ಕೂ ಲೇತ್ ಯಂತ್ರದಲ್ಲಿ ಕಬ್ಬಿಣದ ಸರಳನ್ನು ಕಡೆಯುವುದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಎರಡರಲ್ಲೂ ವಸ್ತುವಿನ ಬಲ ಮೊದಲೇ ನಿರ್ಧಾರವಾಗಿರುತ್ತದೆ. ಕುಶಲಕರ್ಮಿ ಕೊಡುವುದು ಆಕಾರವನ್ನು ಮಾತ್ರ.

ಸಂಕಲನ ತಯಾರಿಕೆಯಲ್ಲಿ ಹಾಗಲ್ಲ. ಇಲ್ಲಿ ಆಕಾರದ ಜತೆಗೆ ಲೋಹವೂ ಅಲ್ಲಿಯೇ, ಅದೇ ಕ್ಷಣದಲ್ಲಿ ಹುಟ್ಟುತ್ತದೆ. ಆದ್ದರಿಂದಲೇ ಅದರ ಬಲದ ಪ್ರಶ್ನೆ ಇಷ್ಟು ಜಟಿಲ.

ಆರ್ಗಾನ್ ಅನಿಲ ತುಂಬಿದ ಒಂದು ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಒಳಗೆ ಉಕ್ಕಿನ ಒಂದು ಫಲಕ. ಅದರ ಮೇಲೆ ಲೋಹದ ಪುಡಿಯನ್ನು 30 ಮೈಕ್ರೋಮೀಟರ್ ದಪ್ಪಕ್ಕೆ ಸಮನಾಗಿ ಹರಡಲಾಗುತ್ತದೆ. ಪುಡಿಯ ಕಣಗಳು ದುಂಡಗಿದ್ದು, ಅವುಗಳ ವ್ಯಾಸ ಸಾಮಾನ್ಯವಾಗಿ 15ರಿಂದ 45 ಮೈಕ್ರೋಮೀಟರ್. ಅಂದರೆ ತಲೆಗೂದಲಿಗಿಂತ ಸಣ್ಣವು. ಕೆಲವು ನೂರು ವಾಟ್ ಸಾಮರ್ಥ್ಯದ ಲೇಸರ್ ಕಿರಣ ಕಂಪ್ಯೂಟರ್ ತೋರಿಸಿದ ಗೆರೆಗಳಲ್ಲಿ ಓಡಿ, ಬೇಕಾದ ಕಡೆ ಮಾತ್ರ ಪುಡಿಯನ್ನು ಕರಗಿಸುತ್ತದೆ. ಫಲಕ 30 ಮೈಕ್ರೋಮೀಟರ್ ಕೆಳಗಿಳಿಯುತ್ತದೆ, ಮತ್ತೆ ಪುಡಿ ಹರಡಿಕೊಳ್ಳುತ್ತದೆ, ಮತ್ತೆ ಲೇಸರ್ ಓಡುತ್ತದೆ. ವಿಮಾನ ಮತ್ತು ಕೃತಕ ಕೀಲುಗಳಲ್ಲಿ ಬಳಸುವ ಟೈಟಾನಿಯಂ ಮಿಶ್ರಲೋಹಕ್ಕೆ ರೂಢಿಯಲ್ಲಿರುವ ಕೆಲವು ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಇದರಲ್ಲಿ ಶೇಕಡಾ 6 ಅಲ್ಯೂಮಿನಿಯಂ, ಶೇಕಡಾ 4 ವೆನೇಡಿಯಂ ಇರುತ್ತವೆ. ಲೇಸರ್ 280 ವಾಟ್. ವೇಗ ಸೆಕೆಂಡಿಗೆ 1200 ಮಿಲಿಮೀಟರ್. ಅಕ್ಕಪಕ್ಕದ ಗೆರೆಗಳ ನಡುವಿನ ಅಂತರ 0.14 ಮಿಲಿಮೀಟರ್, ಪದರ 0.03 ಮಿಲಿಮೀಟರ್.

ಈಗ ಒಂದು ಸರಳ ಲೆಕ್ಕ. ವೇಗ, ಅಂತರ, ಪದರದ ದಪ್ಪ ಈ ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಸುಮಾರು 5 ಘನ ಮಿಲಿಮೀಟರ್ ಲೋಹ ಕಟ್ಟಿದಂತಾಯಿತು. 280 ವಾಟನ್ನು ಇದರಿಂದ ಭಾಗಿಸಿದರೆ ಪ್ರತಿ ಘನ ಮಿಲಿಮೀಟರಿಗೆ 56 ಜೂಲ್ ಶಕ್ತಿ. ವಾಸ್ತವವಾಗಿ ಅಷ್ಟು ಟೈಟಾನಿಯಂ ಅನ್ನು ಕೋಣೆಯ ಉಷ್ಣತೆಯಿಂದ ಕಾಯಿಸಿ ಕರಗಿಸಲು ಎಷ್ಟು ಬೇಕು? ವಿಶಿಷ್ಟೋಷ್ಣ ಮತ್ತು ದ್ರವನ ಗುಪ್ತೋಷ್ಣಗಳನ್ನು ಹಾಕಿ ನಿಮ್ಮ ವಿದ್ಯಾರ್ಥಿಗಳಿಂದಲೇ ಲೆಕ್ಕ ಮಾಡಿಸಿ: ಸುಮಾರು 6 ಜೂಲ್ ಸಾಕು. ಉಳಿದ 50 ಜೂಲ್ ಎಲ್ಲಿ ಹೋಯಿತು? ಒಂದು ಪಾಲು ಪ್ರತಿಫಲಿಸಿ ಹೋಯಿತು. ದೊಡ್ಡ ಪಾಲು ಕೆಳಗಿನ ಗಟ್ಟಿ ಲೋಹಕ್ಕೆ ಹರಿದು, ಮೊದಲೇ ಹೆಪ್ಪುಗಟ್ಟಿದ್ದ ಎರಡು ಮೂರು ಪದರಗಳನ್ನು ಮತ್ತೊಮ್ಮೆ ಕರಗಿಸಿತು. ಇದು ವ್ಯರ್ಥವಲ್ಲ. ಹೀಗೆ ಕರಗದಿದ್ದರೆ ಪದರಗಳು ಒಂದಕ್ಕೊಂದು ಬೆಸೆಯುವುದೇ ಇಲ್ಲ.

ಬೆಸುಗೆ ಎಂಬ ಮಾತು ಇಲ್ಲಿ ಸರಿಯಾಗಿಯೇ ಹೊಂದುತ್ತದೆ. 3 ಸೆಂಟಿಮೀಟರ್ ವ್ಯಾಸದ, 14 ಸೆಂಟಿಮೀಟರ್ ಉದ್ದದ ಒಂದು ಪಿನ್ನು, ಅಂದರೆ ಆ ವಿದ್ಯಾರ್ಥಿನಿ ಕೇಳಿದ್ದರ ಗಾತ್ರದ್ದೇ ಎನ್ನಿ, ಸುಮಾರು 100 ಘನ ಸೆಂಟಿಮೀಟರ್ ಆಗುತ್ತದೆ. ಮೇಲಿನ ಸಂಖ್ಯೆಗಳ ಪ್ರಕಾರ ಅದನ್ನು ಕಟ್ಟಲು ಲೇಸರ್ ಓಡುವ ಒಟ್ಟು ಗೆರೆಯ ಉದ್ದ 24 ಕಿಲೋಮೀಟರು! ಶಹಾಪುರದಿಂದ ಸುರಪುರಕ್ಕೆ ಹೆಚ್ಚುಕಡಿಮೆ ಅಷ್ಟೇ ದಾರಿ. ಕೈಯಲ್ಲಿ ಹಿಡಿಯುವ ಒಂದು ಪಿನ್ನಿನೊಳಗೆ ಅಷ್ಟು ಉದ್ದದ ಬೆಸುಗೆ, ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಪದರಗಳಲ್ಲಿ ಮಡಚಿ ಕುಳಿತಿರುತ್ತದೆ. ಈ ದಾರಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ನನ್ನ ಉತ್ತರದ ಸರಿಯಾದ ಅರ್ಧ. ಕರಗಿದ ಲೋಹದ ಹನಿ ತೀರ ಚಿಕ್ಕದು. ಅದರ ಸುತ್ತ ತಣ್ಣನೆಯ ಗಟ್ಟಿ ಲೋಹ. ಹಾಗಾಗಿ ಅದು ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯ ಆಸುಪಾಸಿನ ದರದಲ್ಲಿ ತಣಿಯುತ್ತದೆ. ಕಮ್ಮಾರನು ಕಾಯಿಸಿದ ಕುಡಗೋಲನ್ನು ನೀರಿಗೆ ಅದ್ದಿದಾಗ ತಣಿಯುವ ದರ ಸೆಕೆಂಡಿಗೆ ನೂರಾರು ಡಿಗ್ರಿ ಮಾತ್ರ. ಇಷ್ಟು ಅವಸರದಲ್ಲಿ ಹೆಪ್ಪುಗಟ್ಟುವಾಗ ಒಳರಚನೆ ದೊಡ್ಡದಾಗಿ ಬೆಳೆಯಲು ಸಮಯವೇ ಸಿಗದು. ಲೋಹ ಬಾಗುವುದೆಂದರೆ ಅದರ ಸ್ಫಟಿಕಗಳೊಳಗೆ ಪರಮಾಣುಗಳ ಸಾಲು ತಪ್ಪಿದ ಗೆರೆಗಳು ಜಾರುತ್ತ ಸಾಗುವುದು. ಇವಕ್ಕೆ ಡಿಸ್ಲೊಕೇಶನ್ ಎಂದು ಹೆಸರು. ಒಳರಚನೆ ಸಣ್ಣದಾದಷ್ಟೂ ಈ ಗೆರೆಗಳಿಗೆ ಗಡಿಗಳ ಅಡ್ಡಿ ಹೆಚ್ಚು, ಲೋಹ ಮಣಿಯಲು ಬೇಕಾದ ಪೀಡನವೂ ಹೆಚ್ಚು. ಈ ಏರಿಕೆ ಸ್ಫಟಿಕ ಕಣದ ಗಾತ್ರದ ವರ್ಗಮೂಲಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ ಎಂಬುದೇ ಪದವಿ ತರಗತಿಗಳಲ್ಲಿ ಓದುವ ಹಾಲ್-ಪೆಚ್ ನಿಯಮ.

ಫಲಿತಾಂಶಗಳು ನಿಜಕ್ಕೂ ಬೆರಗು ಹುಟ್ಟಿಸುವಂಥವು. ಮೇಲೆ ಹೇಳಿದ ಟೈಟಾನಿಯಂ ಮಿಶ್ರಲೋಹವನ್ನು ಸಾಂಪ್ರದಾಯಿಕವಾಗಿ ಬಡಿದು ಹದಗೊಳಿಸಿದರೆ ಅದು ತುಂಡಾಗುವ ಎಳೆತದ ಪೀಡನ ಸುಮಾರು 950 ಮೆಗಾಪಾಸ್ಕಲ್. ಲೇಸರ್‌ನಿಂದ ಕಟ್ಟಿ ಹಾಗೆಯೇ ತೆಗೆದದ್ದು 1100ರಿಂದ 1250ರವರೆಗೂ ತಾಳುತ್ತದೆ. ಅಡುಗೆಮನೆಯ ಸ್ಟೀಲಿನ ಹತ್ತಿರದ ಬಂಧುವಾದ 316ಎಲ್ ತುಕ್ಕುರಹಿತ ಉಕ್ಕು ಹದಗೊಳಿಸಿದ ಸ್ಥಿತಿಯಲ್ಲಿ 200-250 ಮೆಗಾಪಾಸ್ಕಲಿಗೇ ಮಣಿಯತೊಡಗಿದರೆ, ಲೇಸರ್‌ನಿಂದ ಕಟ್ಟಿದ್ದು 450ರಿಂದ 600ರವರೆಗೆ ಮಣಿಯದೆ ನಿಲ್ಲುತ್ತದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರೂ ಭಾಗಿಯಾಗಿದ್ದ ತಂಡವೊಂದು 2018ರಲ್ಲಿ 'ನೇಚರ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಇದನ್ನು ವಿವರಿಸಿತು. ಈ ಉಕ್ಕಿನ ಕಣಗಳೊಳಗೆ ಮೈಕ್ರೋಮೀಟರಿಗಿಂತ ಚಿಕ್ಕದಾದ, ಜೇನುಗೂಡಿನಂಥ ಕೋಶಗಳಿದ್ದು, ಅವುಗಳ ಗೋಡೆಗಳಲ್ಲಿ ಡಿಸ್ಲೊಕೇಶನ್‌ಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ವಿಶೇಷವೆಂದರೆ ಈ ಉಕ್ಕು ಬಲಗೊಂಡರೂ ತನ್ಯತೆಯನ್ನು ಬಿಟ್ಟುಕೊಡುವುದಿಲ್ಲ. ಟೈಟಾನಿಯಂಗೆ ಆ ಭಾಗ್ಯವಿಲ್ಲ. ಅತಿವೇಗದ ತಣಿವಿನಿಂದ ಅದು ಮಾರ್ಟೆನ್ಸೈಟ್ ಎಂಬ ಸೂಜಿಯಂಥ ರಚನೆಗೆ ತಿರುಗಿ, ಗಡುಸಾಗುವುದರ ಜತೆಗೆ ಭಿದುರವೂ ಆಗುತ್ತದೆ. ಮುರಿಯುವ ಮುನ್ನ ಶೇಕಡಾ 14ರಷ್ಟು ಹಿಗ್ಗಬಲ್ಲ ಲೋಹ ಇಲ್ಲಿ ಶೇಕಡಾ 5ರಿಂದ 10ರೊಳಗೆ ಕೈಚೆಲ್ಲುತ್ತದೆ.

ಅದೇ ಅವಸರದ ತಣಿವು ಮತ್ತೊಂದು ಉಪದ್ರವವನ್ನೂ ತರುತ್ತದೆ. ಎತ್ತಿನ ಬಂಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೀವು ನೋಡಿರಬಹುದು, ಇಲ್ಲವೇ ಮನೆಯ ಹಿರಿಯರಿಂದ ಕೇಳಿರಬಹುದು. ಪಟ್ಟಿಯನ್ನು ಸುತ್ತಲೂ ಬೆಂಕಿ ಹಾಕಿ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿ ಗಾಲಿಯನ್ನು ಬಿಗಿಹಿಡಿಯುತ್ತದೆ. ಆಮೇಲೆ ಯಾರೂ ಮುಟ್ಟದಿದ್ದರೂ ಪಟ್ಟಿಯೊಳಗೆ ಎಳೆತ ಉಳಿದೇ ಇರುತ್ತದೆ. ಲೇಸರ್ ಯಂತ್ರದಲ್ಲಿ ಪ್ರತಿಯೊಂದು ಹೊಸ ಪದರವೂ ಕೆಳಗಿನ ಪದರಕ್ಕೆ ತೊಡಿಸಿದ ಬಿಸಿ ಪಟ್ಟಿಯೇ. ಟೈಟಾನಿಯಂನ ಯಂಗ್ ಗುಣಾಂಕ ಸುಮಾರು 110 ಗಿಗಾಪಾಸ್ಕಲ್, ಉಷ್ಣ ವಿಸ್ತರಣಾಂಕ ಡಿಗ್ರಿಗೆ ದಶಲಕ್ಷದಲ್ಲಿ 9 ಭಾಗ. ಕುಗ್ಗಲು ಬಿಡದೆ 1000 ಡಿಗ್ರಿ ತಣಿಸಿದರೆ ಈ ಮೂರರ ಗುಣಲಬ್ಧ ಸುಮಾರು 1000 ಮೆಗಾಪಾಸ್ಕಲ್, ಅಂದರೆ ಲೋಹ ಮಣಿಯುವ ಮಟ್ಟಕ್ಕೇ ಬಂತು. ಹೊರಗಿನಿಂದ ಒಂದು ಗ್ರಾಂ ಭಾರ ಹೇರುವ ಮೊದಲೇ ವಸ್ತುವಿನೊಳಗೆ ಇಂಥ ಪೀಡನ ಉಳಿದಿರಬಹುದು. ಫಲಕದಿಂದ ಕತ್ತರಿಸಿದ ಕೂಡಲೇ ವಸ್ತು ಬಿಲ್ಲಿನಂತೆ ಬಾಗುವುದೂ, ಕಟ್ಟುತ್ತಿರುವಾಗಲೇ ಟಣ್ ಎಂದು ಸೀಳುವುದೂ ಇದರಿಂದಲೇ. ಅದಕ್ಕಾಗಿ ಫಲಕದ ಸಮೇತ ಕುಲುಮೆಯಲ್ಲಿಟ್ಟು ಹದವಾಗಿ ಕಾಯಿಸಿ ಈ ಪೀಡನವನ್ನು ಇಳಿಸುತ್ತಾರೆ. ಆಗ ಬಲ ಸ್ವಲ್ಪ ತಗ್ಗುತ್ತದೆ, ತನ್ಯತೆ ಹಿಂತಿರುಗುತ್ತದೆ. ಒಪ್ಪಬಹುದಾದ ವ್ಯಾಪಾರ.

ಇಷ್ಟಾದರೂ ಎಳೆತದ ಪರೀಕ್ಷೆಯಲ್ಲಿ ಲೇಸರ್ ಲೋಹ ಉತ್ತಮ ದರ್ಜೆಯಲ್ಲೇ ತೇರ್ಗಡೆಯಾಗುತ್ತದೆ. ಆದರೆ ಟ್ರೇಲರಿನ ಪಿನ್ನನ್ನು ಯಾರೂ ಒಂದೇ ಸಲ ಎಳೆದು ಮುರಿಯುವುದಿಲ್ಲ. ಹೊಲದ ದಾರಿಯಲ್ಲಿ ಅದಕ್ಕೆ ಸೆಕೆಂಡಿಗೊಂದು ಜಗ್ಗು ಬಿದ್ದರೂ 280 ಗಂಟೆಗಳ ಓಡಾಟದಲ್ಲಿ ಹತ್ತು ಲಕ್ಷ ಜಗ್ಗುಗಳಾದವು. ಒಂದೊಂದು ಜಗ್ಗೂ ಪಿನ್ನಿನ ಬಲದ ಅರ್ಧಕ್ಕಿಂತ ಕಡಿಮೆ ಇರಬಹುದು, ಆದರೂ ಕೊನೆಗೊಂದು ದಿನ ಅದು ಮುರಿಯುತ್ತದೆ. ಇದೇ ಲೋಹದ ಬಳಲಿಕೆ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲ್ವೆ ಎಂಜಿನ್ನಿನ ಅಚ್ಚು ಮುರಿದು ಭೀಕರ ಅಪಘಾತವಾದ ಮೇಲೆ ಎಂಜಿನಿಯರುಗಳ ಗಮನ ಇತ್ತ ತಿರುಗಿತು. ಜರ್ಮನಿಯ ವೋಲರ್ ರೈಲಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ ಇದನ್ನು ಶಾಸ್ತ್ರವಾಗಿಸಿದ. ಬಳಲಿಕೆಯಲ್ಲಿ ಲೋಹದ ಸರಾಸರಿ ಗುಣಕ್ಕೆ ಹೆಚ್ಚು ಬೆಲೆಯಿಲ್ಲ. ಅತ್ಯಂತ ಕೆಟ್ಟ ಒಂದೇ ಒಂದು ಬಿಂದು ಎಲ್ಲಿದೆ, ಎಷ್ಟು ದೊಡ್ಡದು ಎಂಬುದು ಫಲಿತಾಂಶವನ್ನು ನಿರ್ಧರಿಸುತ್ತದೆ.

ಈಗ ಆ 24 ಕಿಲೋಮೀಟರಿನ ದಾರಿಗೆ ಹಿಂತಿರುಗಿ. ಅಷ್ಟು ಉದ್ದದಲ್ಲಿ ಲೇಸರ್ ಒಮ್ಮೆಯೂ ಎಡವಬಾರದು. ಶಕ್ತಿ ಒಂದಿಷ್ಟು ಕಡಿಮೆ ಬಿದ್ದರೆ ಎರಡು ಪದರಗಳ ನಡುವೆ ಪುಡಿ ಕರಗದೆ ಚಪ್ಪಟೆಯಾದ, ಅಂಚು ಹರಿತವಾದ ಪೊಳ್ಳು ಉಳಿಯುತ್ತದೆ. ಹೆಚ್ಚು ಬಿದ್ದರೆ ಲೋಹ ಕುದಿದು ಆಳವಾದ ಗುಳಿಯಾಗಿ, ಅದು ಮುಚ್ಚಿಕೊಳ್ಳುವಾಗ ಒಳಗೆ ದುಂಡನೆಯ ಗುಳ್ಳೆ ಸೆರೆಯಾಗುತ್ತದೆ. ಪುಡಿಯ ಕಣದೊಳಗೇ ಇದ್ದ ಆರ್ಗಾನ್ ಕೂಡ ಗುಳ್ಳೆಯಾಗಬಹುದು. ವಸ್ತುವಿನ ಸಾಂದ್ರತೆ ಶೇಕಡಾ 99.9 ಎಂದು ತಯಾರಕರು ಹೇಳುವುದುಂಟು. ಕೇಳಲು ಚೆನ್ನ. ಆದರೆ ನಮ್ಮ ಪಿನ್ನಿನಲ್ಲಿ ಉಳಿದ ಶೇಕಡಾ 0.1 ಎಂದರೆ 100 ಘನ ಮಿಲಿಮೀಟರ್ ಪೊಳ್ಳು. ಅದು ಹೇಗೆ ಹಂಚಿಹೋಗಿದೆ ಎಂಬುದನ್ನು ಆ ಶೇಕಡಾವಾರು ಹೇಳುವುದಿಲ್ಲ.

ಒಂದು ಪೊಳ್ಳು ಎಷ್ಟು ಅಪಾಯಕಾರಿ? ಅದನ್ನು ನಾಣ್ಯದ ಆಕಾರದ ಬಿರುಕೆಂದು ಭಾವಿಸಿ, ಅದರ ತ್ರಿಜ್ಯ 50 ಮೈಕ್ರೋಮೀಟರ್ ಎಂದಿಟ್ಟುಕೊಳ್ಳೋಣ. ಮುರಿತಶಾಸ್ತ್ರದ ಪ್ರಕಾರ ಬಿರುಕಿನ ತುದಿಯಲ್ಲಿ ಪೀಡನದ ತೀವ್ರತೆಯನ್ನು ಹೀಗೆ ಲೆಕ್ಕ ಹಾಕುತ್ತಾರೆ: ತ್ರಿಜ್ಯವನ್ನು ಪೈನಿಂದ ಭಾಗಿಸಿ, ವರ್ಗಮೂಲ ತೆಗೆದು, ಪೀಡನದ ಎರಡರಷ್ಟರಿಂದ ಗುಣಿಸುವುದು. ಸೊನ್ನೆಗೂ 400 ಮೆಗಾಪಾಸ್ಕಲಿಗೂ ನಡುವೆ ಏರಿಳಿಯುವ ಪೀಡನಕ್ಕೆ ಇದು 3.2 ಬರುತ್ತದೆ, ಮಾನ ಮೆಗಾಪಾಸ್ಕಲ್ ಗುಣಿಸು ಮೀಟರಿನ ವರ್ಗಮೂಲ. ಒಂದೇ ಎಳೆತಕ್ಕೆ ಈ ಲೋಹ ಸೀಳಬೇಕಾದರೆ ತೀವ್ರತೆ ಹಲವು ಹತ್ತುಗಳಷ್ಟಾಗಬೇಕು. ಆದ್ದರಿಂದ ಎಳೆತದ ಪರೀಕ್ಷೆಗೆ ಈ ಪೊಳ್ಳು ಇದ್ದೂ ಇಲ್ಲದಂತೆ. ಆದರೆ ಪುನರಾವರ್ತಿತ ಪೀಡನದಲ್ಲಿ ಬಿರುಕು ತೆವಳಲು ಬೇಕಾದ ಹೊಸ್ತಿಲು ಸುಮಾರು 4 ಮಾತ್ರ. 50 ಮೈಕ್ರೋಮೀಟರಿನ ಪೊಳ್ಳು ಹೊಸ್ತಿಲ ಈಚೆಗೇ ನಿಂತಿದೆ. ತ್ರಿಜ್ಯ 100 ಮೈಕ್ರೋಮೀಟರ್ ಆದರೆ ತೀವ್ರತೆ 4.5, ಹೊಸ್ತಿಲು ದಾಟಿತು. ಅಲ್ಲಿಂದ ಪ್ರತಿ ಜಗ್ಗಿಗೂ ಬಿರುಕು ಕೂದಲೆಳೆಯಷ್ಟೂ ಅಲ್ಲದ ಹೆಜ್ಜೆ ಇಡುತ್ತ ಬೆಳೆಯುತ್ತದೆ. ಒಂದೇ ಪೊಳ್ಳು, ಒಂದು ಪರೀಕ್ಷೆಗೆ ಕಾಣದ್ದು, ಇನ್ನೊಂದಕ್ಕೆ ಮಾರಕ. ಇದು ನಾನು ಆ ದಿನ ಹೇಳದೆ ಬಿಟ್ಟದ್ದು. (ಇಷ್ಟು ಸಣ್ಣ ಬಿರುಕುಗಳು ಹೊಸ್ತಿಲಿನ ಕೆಳಗೂ ಕೆಲವೊಮ್ಮೆ ಬೆಳೆಯುತ್ತವೆ, ಆದ್ದರಿಂದ ಈ ಲೆಕ್ಕ ಉದಾರವಾದದ್ದೇ ಹೊರತು ಕಠಿಣವಲ್ಲ.)

ಪೊಳ್ಳಿನ ದಿಕ್ಕೂ ಮುಖ್ಯ. ಯಾದಗಿರಿ, ಶಹಾಪುರದ ಕಡೆಯ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಭೀಮಾ ಸೀಮೆಯ ಈ ಸುಣ್ಣಕಲ್ಲು ಪದರ ಪದರವಾಗಿ ನಿಕ್ಷೇಪಗೊಂಡದ್ದು. ಉಳಿಯನ್ನು ಪದರದ ಗುಂಟ ಇಟ್ಟರೆ ಹಲಗೆಯಂತೆ ಬಿಚ್ಚಿಕೊಳ್ಳುತ್ತದೆ, ಅಡ್ಡಲಾಗಿ ಇಟ್ಟರೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕರಗದೆ ಉಳಿದ ಚಪ್ಪಟೆ ಪೊಳ್ಳುಗಳು ಲೇಸರ್ ಲೋಹದಲ್ಲಿ ಹೀಗೆಯೇ ಪದರದ ಗುಂಟ ಮಲಗಿರುತ್ತವೆ. ಕಟ್ಟಿದ ದಿಕ್ಕಿನಲ್ಲಿ, ಅಂದರೆ ಮೇಲೆ-ಕೆಳಗೆ ಎಳೆದರೆ ಅವು ಬಾಯಿ ತೆರೆಯುತ್ತವೆ. ಅಡ್ಡಕ್ಕೆ ಎಳೆದರೆ ಅಷ್ಟಾಗಿ ಕಾಡುವುದಿಲ್ಲ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಕಲ್ಲಿನ ಪದರಗಳಂತೆ ಲೋಹದ ಪದರಗಳು ಬೇರೆಬೇರೆಯಾಗಿ ಉಳಿಯುವುದಿಲ್ಲ. ಸ್ಫಟಿಕ ಕಣಗಳು ಶಾಖ ಹರಿಯುವ ದಿಕ್ಕನ್ನು ಹಿಡಿದು, ಹತ್ತಾರು ಪದರಗಳನ್ನು ದಾಟಿ ಕಂಬಗಳಂತೆ ನೆಟ್ಟಗೆ ಬೆಳೆಯುತ್ತವೆ. ಸರಿಯಾಗಿ ಕರಗಿಸಿದ ಲೋಹದಲ್ಲಿ ಪದರದ ಗಡಿ ಸ್ವತಃ ದುರ್ಬಲ ತಾಣವಲ್ಲ.

ಮೇಲ್ಮೈಯ ಮಾತು ಇನ್ನೂ ಕೆಟ್ಟದ್ದು. ಲೇಸರ್ ವಸ್ತುವಿನ ಹೊರಮೈ ಮರಳು ಕಾಗದದಂತೆ ಒರಟು. ಅರೆ ಕರಗಿದ ಪುಡಿಯ ಕಣಗಳು ಅಂಟಿಕೊಂಡಿರುತ್ತವೆ, ನಡುವೆ ಸಣ್ಣ ಕಣಿವೆಗಳು. ಪ್ರತಿ ಕಣಿವೆಯೂ ಬಿರುಕಿಗೆ ತವರು. ಈ ಮಿಶ್ರಲೋಹವನ್ನು ಮೇಲ್ಮೈ ಹಾಗೆಯೇ ಬಿಟ್ಟು ಪರೀಕ್ಷಿಸಿದರೆ ಒಂದು ಕೋಟಿ ಆವರ್ತನಗಳಿಗೆ ಅದು ತಾಳುವ ಪೀಡನ ಸಾಮಾನ್ಯವಾಗಿ 200-300 ಮೆಗಾಪಾಸ್ಕಲ್. ಒಳಗಿನ ಪೊಳ್ಳು ಮುಚ್ಚಿಸಿ, ಹೊರಮೈಯನ್ನು ಕಡೆದು ನುಣುಪಾಗಿಸಿದರೆ 500-600ರ ಸುತ್ತ ಹೋಗುತ್ತದೆ, ಅಂದರೆ ಬಡಿದು ಮಾಡಿದ್ದಕ್ಕೆ ಸಮ. ಎಳೆತದ ಬಲದಲ್ಲಿ ಬಡಿದ ಲೋಹವನ್ನು ಮೀರಿಸಿದ ಅದೇ ವಸ್ತು, ಬಳಲಿಕೆಯಲ್ಲಿ ಅದರ ಅರ್ಧಕ್ಕೆ ಇಳಿಯಬಹುದು!

ಪೊಳ್ಳು ಮುಚ್ಚಿಸುವ ವಿಧಾನಕ್ಕೆ ಕಾರ್ಖಾನೆಗಳಲ್ಲಿ ಹಿಪ್ ಎನ್ನುತ್ತಾರೆ. ವಸ್ತುವನ್ನು ಗಟ್ಟಿಮುಟ್ಟಾದ ಕೋಶದಲ್ಲಿಟ್ಟು ಸುಮಾರು 920 ಡಿಗ್ರಿಗೆ ಕಾಯಿಸಿ, ಆರ್ಗಾನ್ ಅನಿಲದಿಂದ ವಾಯುಮಂಡಲದ ಸಾವಿರದಷ್ಟು ಒತ್ತಡವನ್ನು ಎಲ್ಲ ಕಡೆಯಿಂದ ಎರಡು ಗಂಟೆ ಹೇರುತ್ತಾರೆ. ಮೆತ್ತಗಾದ ಲೋಹದಲ್ಲಿ ಪೊಳ್ಳುಗಳು ಕುಸಿದು ಬೆಸೆದುಕೊಳ್ಳುತ್ತವೆ. ಮೇಲ್ಮೈಗೆ ಬಾಯಿ ತೆರೆದ ಪೊಳ್ಳಿನೊಳಕ್ಕೆ ಅನಿಲವೇ ನುಗ್ಗುವುದರಿಂದ ಅದು ಮಾತ್ರ ಮುಚ್ಚುವುದಿಲ್ಲ. ಎಕ್ಸ್-ಕಿರಣಗಳ ಸಿ.ಟಿ. ಚಿತ್ರ ತೆಗೆದು ಒಳಗನ್ನು ನೋಡಬಹುದಲ್ಲ ಎಂದು ನೀವು ಕೇಳಬಹುದು. ನೋಡಬಹುದು, ಆದರೆ ವಸ್ತುವಿನ ಅಗಲದ ಸಾವಿರದಲ್ಲೊಂದು ಭಾಗದಷ್ಟು ಸೂಕ್ಷ್ಮತೆ ಸಿಕ್ಕರೆ ಹೆಚ್ಚು. 3 ಸೆಂಟಿಮೀಟರ್ ಪಿನ್ನಿಗೆ ಅದು 30 ಮೈಕ್ರೋಮೀಟರ್, ಪೊಳ್ಳನ್ನು ಖಚಿತವಾಗಿ ಗುರುತಿಸಲು ಅದರ ಎರಡು ಮೂರರಷ್ಟು ಗಾತ್ರ ಬೇಕು. ನಾವು ಲೆಕ್ಕ ಹಾಕಿದ ಅಪಾಯದ ಗಾತ್ರವೂ ಅಲ್ಲೇ ಸುಳಿದಾಡುತ್ತಿದೆ! ಆದ್ದರಿಂದ ಜವಾಬ್ದಾರಿಯುತ ಕಾರ್ಖಾನೆಗಳು ಅದೇ ಫಲಕದ ಮೇಲೆ, ಅದೇ ಪುಡಿಯಿಂದ, ಪಕ್ಕದಲ್ಲೇ ಪರೀಕ್ಷಾ ಸರಳುಗಳನ್ನು ಕಟ್ಟಿ ಅವನ್ನು ಎಳೆದು, ಬಳಲಿಸಿ, ಮುರಿದು ನೋಡುತ್ತವೆ.

ನಮ್ಮ ದೇಶದಲ್ಲಿ ಈ ವಿದ್ಯೆ ಹೊಸದೇನಲ್ಲ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರು ಹೊತ್ತ ಇಂದೋರಿನ ಕೇಂದ್ರದಲ್ಲಿ ಲೇಸರ್‌ನಿಂದ ಲೋಹ ಕಟ್ಟುವ ಸಂಶೋಧನೆ ಎರಡು ದಶಕಗಳಿಂದ ನಡೆದಿದೆ. ಯಾದಗಿರಿಗೆ ಬೆಂಗಳೂರಿಗಿಂತ ಹತ್ತಿರವಾದ ಹೈದರಾಬಾದಿನಲ್ಲಿ ಲೋಹದ ಪುಡಿಗಳ ಮೇಲೂ ಕೆಲಸ ಮಾಡುವ ಎ.ಆರ್.ಸಿ.ಐ. ಸಂಶೋಧನ ಕೇಂದ್ರವಿದೆ. ಎಲ್ಲರ ಗಮನ ಸೆಳೆದದ್ದು ಮಾತ್ರ ಇಸ್ರೋದ ಪಿಎಸ್4 ಎಂಜಿನ್. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಈ ಎಂಜಿನ್ನನ್ನು ವಿಪ್ರೋ 3ಡಿ ಸಂಸ್ಥೆ ಲೇಸರ್ ವಿಧಾನದಿಂದ ತಯಾರಿಸಿತು. 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಅದನ್ನು 665 ಸೆಕೆಂಡು ಉರಿಸಿ ಪರೀಕ್ಷಿಸಲಾಯಿತು. ಮೊದಲು 14 ಭಾಗಗಳಿದ್ದದ್ದು ಒಂದೇ ಆಯಿತು, 19 ಬೆಸುಗೆಗಳು ತಪ್ಪಿದವು, 565 ಕಿಲೋಗ್ರಾಂ ಕಚ್ಚಾ ಲೋಹದ ಬದಲು 13.7 ಕಿಲೋಗ್ರಾಂ ಪುಡಿ ಸಾಕಾಯಿತು ಎಂದು ಇಸ್ರೋ ತಿಳಿಸಿತು. 19 ಬೆಸುಗೆಗಳನ್ನು ತಪ್ಪಿಸಲು ನೂರಾರು ಕಿಲೋಮೀಟರ್ ಬೆಸುಗೆ ಹಾಕಿದಂತಾಯಿತಲ್ಲ ಎಂದು ನಗಬೇಡಿ. ಯಂತ್ರದ ಬೆಸುಗೆಯ ಪ್ರತಿ ಗೆರೆಗೂ ಒಂದೇ ಶಕ್ತಿ, ಒಂದೇ ವೇಗ ನಿಗದಿಯಾಗಿರುತ್ತದೆ. ಜತೆಗೆ, ಬೇರೆ ರೀತಿಯಲ್ಲಿ ಮಾಡಲು ಕಷ್ಟವಾದ ಆಕಾರವನ್ನು ಅದು ಒಂದೇ ತುಂಡಾಗಿ ಕೊಡುತ್ತದೆ. ಮೇಲಾಗಿ ಆ ಎಂಜಿನ್ ಒಂದು ಹಾರಾಟದಲ್ಲಿ ನಿಮಿಷಗಳ ಕಾಲ ಉರಿದು ತನ್ನ ಕೆಲಸ ಮುಗಿಸುತ್ತದೆ. ವರ್ಷಗಟ್ಟಲೆ ದುಡಿಯುವ ವಿಮಾನದ ಭಾಗಕ್ಕೂ, ದಿನಕ್ಕೆ ಸಾವಿರಾರು ಹೆಜ್ಜೆ ತಾಳಬೇಕಾದ ಕೃತಕ ಸೊಂಟದ ಕೀಲಿಗೂ ಬಳಲಿಕೆಯ ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಹಾಗಾದರೆ ಪಿನ್ನು? ಬೆಲೆಯ ಮಾತು ಬಿಟ್ಟರೂ ನನ್ನ ಉತ್ತರ ಈಗ ಬೇರೆ. ಅದಕ್ಕೆ ಬೇಕಿರುವುದು ಸರಳ ಆಕಾರ ಮತ್ತು ಜಗ್ಗು ತಾಳುವ ಗುಣ. ಒಳ್ಳೆಯ ಉಕ್ಕಿನ ಸರಳನ್ನು ಲೇತಿನಲ್ಲಿ ಕಡೆದು, ತಲೆ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ, ಹದ ಕೊಡಿಸಿದರೆ ಲೇಸರ್ ಪಿನ್ನಿಗಿಂತ ಭರವಸೆಯದು. ಮುರಿದ ಪಿನ್ನನ್ನು ಬೆಸೆಯುವುದು ಬೇಡ. ಬೆಸುಗೆಯ ಪಕ್ಕದ ಲೋಹ ಕಾದು ತಣಿದು ಹದಗೆಟ್ಟಿರುತ್ತದೆ. ಬೆಸುಗೆ ಮುಗಿಯುವ ಅಂಚಿನಲ್ಲೇ ಒಂದು ಕಚ್ಚೂ ಇರುತ್ತದೆ. ಅದು ಬಾಜೂಕ ಮುರಿದದ್ದು ಅದಕ್ಕೇ.

ಶಿಕ್ಷಕರು ಇದನ್ನು ತರಗತಿಯಲ್ಲೇ ತೋರಿಸಬಹುದು. ಬೇಲಿಗೆ ಬಳಸುವ ಕಬ್ಬಿಣದ ತೆಳು ತಂತಿಯಿಂದ ಒಂದೇ ಉದ್ದದ ಇಪ್ಪತ್ತು ತುಂಡು ಕತ್ತರಿಸಿ. ಹತ್ತಕ್ಕೆ ನಡುವೆ ಅರದಿಂದ ಒಂದೇ ಒಂದು ಎಳೆ ಗೀರು ಹಾಕಿ, ಉಳಿದ ಹತ್ತನ್ನು ಹಾಗೆಯೇ ಬಿಡಿ. ಮೊದಲು ಎರಡೂ ಬಗೆಯ ಒಂದೊಂದು ತಂತಿಗೆ ಒಂದೇ ತೂಕದ ಕಲ್ಲು ತೂಗುಹಾಕಿ ನೋಡಿ. ಎರಡೂ ತಾಳುತ್ತವೆ. ಆಮೇಲೆ ಉಳಿದವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಇಕ್ಕಳದಲ್ಲಿ ಗೀರಿನ ಹತ್ತಿರವೇ ಹಿಡಿದು, ಒಂದೇ ಕೋನಕ್ಕೆ ಅತ್ತಿತ್ತ ಬಾಗಿಸುತ್ತ ಎಷ್ಟನೆಯ ಬಾಗಿಗೆ ಮುರಿಯಿತೆಂದು ಎಣಿಸಲು ಹೇಳಿ. ಎರಡೂ ಗುಂಪಿನ ಎಣಿಕೆಗಳನ್ನು, ಸರಾಸರಿ ಮಾತ್ರವಲ್ಲ, ಅತಿ ಕಡಿಮೆ ಬಂದ ಸಂಖ್ಯೆಯನ್ನೂ ಕಪ್ಪು ಹಲಗೆಯ ಮೇಲೆ ಅಕ್ಕಪಕ್ಕ ಬರೆಸಿ.